ನವರಾತ್ರಿಗೆ ಬೀದಿಯವರೆಲ್ಲ ಚೀಟಿ ಎತ್ತಿ ಗೊಂಬೆ ಕೊಡುವುದು: ಈ ಸಲ ಯಾರೂ ಬಿಟ್ಟುಹೋಗಬಾರದು, ಹೇಗೆ ಮಾಡಲಿ?

ಕುವೆಂಪುನಗರದ ಸೊಸೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು ಸಣ್ಣ ಬೀದಿ, 16 ಮನೆ. ಒಂಬತ್ತು ಮನೆಯವರು ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ನನ್ನ ಗಂಡನ ಆಫೀಸಿನಲ್ಲಿ ಡಿಸೆಂಬರ್ ಬಂದರೆ ಸೀಕ್ರೆಟ್ ಸಾಂಟಾ ಅಂತ ಮಾಡುತ್ತಾರಲ್ಲ, ಅದನ್ನೇ ದಸರೆಗೆ ಮಾಡೋಣ ಅಂತ ಹೋದ ವರ್ಷ ನಾನೇ ಮುಂದೆ ಬಿದ್ದು 15 ಮನೆಯವರನ್ನು ಒಪ್ಪಿಸಿದೆ. ಹೆಸರು ಬರೆದ ಚೀಟಿ ಡಬ್ಬಿಗೆ ಹಾಕುವುದು, ಯಾರ ಹೆಸರು ಬರುತ್ತೋ ಅವರ ಮನೆಗೆ ಗುಟ್ಟಾಗಿ ಒಂದು ಗೊಂಬೆ ತರುವುದು, ಪಾಡ್ಯದ ಸಂಜೆ ಎಲ್ಲರೂ ಸೇರಿ ಕೊಡುವುದು. ಇಷ್ಟೇ.

ಆದರೆ ತುಂಬಾ ಎಡವಟ್ಟಾಯಿತು. ಚೀಟಿ ಎತ್ತುವಾಗ ಒಬ್ಬರಿಗೆ ಅವರದೇ ಹೆಸರು ಬಂತು, ವಾಪಸ್ ಹಾಕಿ ಮತ್ತೆ ಎತ್ತಿದೆವು, ಇನ್ನೊಬ್ಬರಿಗೆ ಹಾಗೇ ಆಯಿತು. ಮೂರು ಸಲ ಆಗುವಷ್ಟರಲ್ಲಿ ಅರ್ಧ ಗುಟ್ಟು ರಟ್ಟಾಗಿತ್ತು. ಒಬ್ಬರು ದೊಡ್ಡ ಹಿತ್ತಾಳೆ ಆನೆ ತಂದರು, ಇನ್ನೊಬ್ಬರು ಸಣ್ಣ ಪ್ಲಾಸ್ಟಿಕ್ ಗಿಳಿ ತಂದರು. ಇಬ್ಬರಿಗೂ ಮುಜುಗರ. ಇದೆಲ್ಲ ಹೋಗಲಿ. ಒಂದು ಮನೆಯವರು ಮಧ್ಯದಲ್ಲೇ ಖಾಲಿ ಮಾಡಿಕೊಂಡು ಹೋದರು, ಅವರ ಹತ್ತಿರ ಯಾರ ಚೀಟಿ ಇತ್ತು ಅಂತ ಯಾರಿಗೂ ಗೊತ್ತಿರಲಿಲ್ಲ. ಪಾಡ್ಯದ ಸಂಜೆ ಮೂಲೆ ಮನೆ ಬಾಡಿಗೆಯವರ ಮಗಳು, ಎರಡನೇ ಕ್ಲಾಸಿನ ಹುಡುಗಿ, ಎಲ್ಲರ ಕೈಯಲ್ಲಿ ಪೊಟ್ಟಣ ನೋಡುತ್ತಾ ನಿಂತಿದ್ದಳು. ನಾನು ಓಡಿಹೋಗಿ ನಮ್ಮ ಮನೆ ಮೆಟ್ಟಿಲ ಮೇಲಿದ್ದ ಒಂದು ಗೊಂಬೆಯನ್ನೇ ಕಾಗದದಲ್ಲಿ ಸುತ್ತಿ ತಂದುಕೊಟ್ಟೆ. ಮಗುವಿಗೆ ಗೊತ್ತಾಗದೇ ಇರುತ್ತಾ? ಆ ಮುಖ ನನಗೆ ಇನ್ನೂ ಮರೆತಿಲ್ಲ.

ಈ ವರ್ಷವೂ ಮಾಡೋಣ ಅಂತ ಎಲ್ಲರೂ ಕೇಳುತ್ತಿದ್ದಾರೆ. ಗೊಂಬೆ ಕೂರಿಸದ ಮನೆಗಳಲ್ಲಿ ಒಂದು ಮುಸ್ಲಿಂ ಕುಟುಂಬ, ಒಂದು ಕ್ರೈಸ್ತ ಕುಟುಂಬ ಇವೆ, ಅವರೂ ಖುಷಿಯಿಂದ ಸೇರುತ್ತಾರೆ. ಅವರಿಗೆ ಏನು ಕೊಡಬಹುದು, ಎಷ್ಟು ದುಡ್ಡು ಅಂತ ಇಡಬೇಕು, ಚೀಟಿ ಹೇಗೆ ಎತ್ತಬೇಕು? ಮಾಡಿ ಅನುಭವ ಇರುವವರು ಹೇಳಿ.

ಸರಸ್ವತಿಪುರಂ ಮೇಷ್ಟ್ರು:

ಚೀಟಿ ಎತ್ತುವುದರಲ್ಲಿ ನಿಮ್ಮ ತಪ್ಪೇನೂ ಇಲ್ಲಮ್ಮ. ನಾನು ಮೂವತ್ತು ವರ್ಷ ಗಣಿತ ಪಾಠ ಮಾಡಿದವನು. ಎಲ್ಲರೂ ಡಬ್ಬಿಯಿಂದ ಒಂದೊಂದು ಚೀಟಿ ಎತ್ತಿದರೆ, ಒಬ್ಬರಿಗಾದರೂ ತಮ್ಮದೇ ಹೆಸರು ಬರುವ ಸಾಧ್ಯತೆ ನೂರಕ್ಕೆ ಸುಮಾರು 63. ಜನ ಜಾಸ್ತಿ ಆದರೆ ಕಮ್ಮಿಯಾಗುತ್ತೆ ಅಂದುಕೊಳ್ಳುತ್ತಾರೆ, ಹಾಗಿಲ್ಲ. 6 ಜನ ಇದ್ದರೂ 63, 60 ಜನ ಇದ್ದರೂ 63.

ಅದಕ್ಕೆ ಡಬ್ಬಿ ಬಿಟ್ಟುಬಿಡಿ. ಚೀಟಿಗಳನ್ನು ಚೆನ್ನಾಗಿ ಕಲೆಸಿ ನೆಲದ ಮೇಲೆ ಬಳೆಯ ಹಾಗೆ ಸುತ್ತಲೂ ಜೋಡಿಸಿ. ಪ್ರತಿಯೊಬ್ಬರೂ ತಮ್ಮ ಚೀಟಿಯ ಬಲಗಡೆ ಇರುವ ಚೀಟಿಯವರಿಗೆ ಕೊಡಬೇಕು. ತಮ್ಮ ಹೆಸರು ತಮಗೇ ಬರುವುದು ಸಾಧ್ಯವೇ ಇಲ್ಲ. ಜೋಡಿಸುವವರು ಈ ಆಟದಲ್ಲಿ ಇಲ್ಲದವರಾಗಿರಬೇಕು. ಅವರು ಆ ಸಾಲನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಒಬ್ಬೊಬ್ಬರಿಗೂ ಒಂದೊಂದೇ ಹೆಸರು ಹೇಳಬೇಕು.

ಇದರಲ್ಲಿ ಇನ್ನೂ ಒಂದು ಅನುಕೂಲ ಇದೆ, ನಿಮಗೆ ಬೇಕಾಗಿರುವುದು ಅದೇ. ಮಧ್ಯದಲ್ಲಿ ಒಬ್ಬರು ಬಿಟ್ಟುಹೋದರು ಅಂದುಕೊಳ್ಳಿ. ಅವರಿಗೆ ಕೊಡಬೇಕಾಗಿದ್ದವರು, ಅವರು ಯಾರಿಗೆ ಕೊಡಬೇಕಿತ್ತೋ ಆ ಮನೆಗೆ ಕೊಟ್ಟರೆ ಆಯಿತು. ಬಳೆ ಮತ್ತೆ ಕೂಡಿಕೊಳ್ಳುತ್ತದೆ. ಒಬ್ಬರಿಗೆ ಮಾತ್ರ ಹೆಸರು ಬದಲಾಗುತ್ತದೆ, ಉಳಿದವರಿಗೆ ವಿಷಯವೇ ತಿಳಿಯುವುದಿಲ್ಲ. ಆ ಹುಡುಗಿ ಬರಿಗೈಯಲ್ಲಿ ನಿಲ್ಲುತ್ತಿರಲಿಲ್ಲ.

ಒಂಟಿಕೊಪ್ಪಲಿನವಳು:

ಮೇಷ್ಟ್ರು ಹೇಳಿದ್ದು ಎಷ್ಟು ಚೆನ್ನಾಗಿದೆ! ನಾವೂ ನಾಲ್ಕು ವರ್ಷದಿಂದ ಮಾಡುತ್ತಿದ್ದೇವೆ ಅಕ್ಕ. ಮೊದಲು ದಿನ ಸರಿಯಾಗಿ ನೋಡಿಕೊಳ್ಳಿ. ನವರಾತ್ರಿಗೆ ಮುಂಚಿನ ಹದಿನೈದು ದಿನ ಪಿತೃಪಕ್ಷ, ಎಷ್ಟೋ ಮನೆಯಲ್ಲಿ ಆಗ ಹೊಸದು ಏನೂ ಕೊಳ್ಳುವುದಿಲ್ಲ. ಮಹಾಲಯ ಅಮಾವಾಸ್ಯೆ ಕಳೆದ ಮರುದಿನವೇ ಪಾಡ್ಯ, ಆಗ ಅಂಗಡಿಗೆ ಓಡಿದರೆ ಸಿಕ್ಕಿದ್ದು ತರಬೇಕಾಗುತ್ತದೆ. ಪ್ಲಾಸ್ಟಿಕ್ ಗಿಳಿ ಬಂದಿದ್ದು ಹಾಗೇ ಇರಬಹುದು, ಅವರನ್ನು ಬೈಯಬೇಡಿ. ಗಣೇಶನ ಹಬ್ಬ ಆದ ಕೂಡಲೇ ಹೆಸರು ಹೇಳಿಬಿಡಿ. ಹುಣ್ಣಿಮೆವರೆಗೆ ಹತ್ತು ದಿನ ಸಿಗುತ್ತದೆ, ಅಷ್ಟರಲ್ಲಿ ಎಲ್ಲರೂ ತಂದಿಟ್ಟುಕೊಳ್ಳಲಿ.

ದುಡ್ಡಿಗೆ ಮೇಲಿನ ಮಿತಿ ಮಾತ್ರ ಇಟ್ಟರೆ ಸಾಲದು, ಕೆಳಗಿನದೂ ಬೇಕು. ನಾವು 250ರಿಂದ 350 ಅಂತ ಇಟ್ಟಿದ್ದೇವೆ. ಎಷ್ಟು ಕೈಲಾಗುತ್ತೆ ಅಂತ ಬಾಡಿಗೆ ಮನೆಯವರನ್ನೂ ಮೊದಲೇ ಬೇರೆಯಾಗಿ ಕೇಳಿ, ಎಲ್ಲರ ಎದುರು ಕೇಳಿದರೆ ಯಾರೂ ಆಗಲ್ಲ ಅನ್ನುವುದಿಲ್ಲ ಅಲ್ವಾ. ಮತ್ತೆ, ಮನೆಗೆ ಬಂದ ರವಿಕೆ ಕಣವನ್ನೇ ಇನ್ನೊಬ್ಬರಿಗೆ ದಾಟಿಸುವ ಅಭ್ಯಾಸ ನಮ್ಮೆಲ್ಲರಿಗೂ ಇದೆ, ಇಲ್ಲಿ ಅದು ಬೇಡ ಅಂತ ಮೊದಲೇ ಹೇಳಿಬಿಡಿ. ಪಟ್ಟದ ಗೊಂಬೆಯೂ ಬೇಡ. ಅದು ತವರಿನಿಂದ ಬರುವುದು, ಚೀಟಿಯಲ್ಲಿ ಬರುವುದಲ್ಲ.

ಎಲ್ಲ ಮನೆಗೂ ಒಪ್ಪುವುದು ಅಂದರೆ ನನ್ನ ಪ್ರಕಾರ ಚನ್ನಪಟ್ಟಣದ ಗೊಂಬೆ. ದೇವರ ವಿಗ್ರಹ ಅಲ್ಲ, ಹಾಗಾಗಿ ಯಾರ ಮನೆಗೂ ಕೊಡಬಹುದು. ಆ ಕೆಲಸ ಮಾಡುವವರಲ್ಲಿ ಎಷ್ಟೋ ಮುಸ್ಲಿಂ ಕುಟುಂಬಗಳೇ ಇವೆ. ನಾನು ಒಂದು ಸಲ ರೈಲಿನಲ್ಲಿ ಹೋಗಿ ಮಾಡುವುದನ್ನು ನೋಡಿಕೊಂಡು ಬಂದೆ. ಹಾಲೆ ಮರದ ತುಂಡು ಯಂತ್ರದಲ್ಲಿ ಗಿರಗಿರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತದೆ, ಆಮೇಲೆ ಒಣಗಿದ ತಾಳೆಗರಿಯಲ್ಲಿ ಉಜ್ಜಿದರೆ ಕನ್ನಡಿ ಹಾಗೆ ಹೊಳೆಯುತ್ತೆ. ಅಷ್ಟು ದೂರ ಆಗದಿದ್ದರೆ ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂ ಇದೆ. ದಸರೆ ಸಮಯದಲ್ಲಿ ನಜರಬಾದಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಬೊಂಬೆಮನೆಯನ್ನೂ ನೋಡಿ, ಸುಮ್ನೆ ನೋಡುವುದಕ್ಕಾದರೂ ಹೋಗಬೇಕು.

ಒಂದು ಗೊಂಬೆ ಜಾಸ್ತಿ ತಂದಿಟ್ಟಿರಿ. ಯಾವ ಮಗು ಬರುತ್ತೋ ಗೊತ್ತಿಲ್ಲ.

ಹಳೇ ಅಗ್ರಹಾರ:

ಗೊಂಬೆ ನೋಡಲು ಬರುವ ಮಕ್ಕಳಿಗೆ ಗೊಂಬೆ ಬಾಗಿನ ಅಂತ ತಿಂಡಿ ಕೊಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ದಿನಕ್ಕೊಂದು ತಿಂಡಿ, ಯಾವ ಮನೆ ಮಗು ಬಂದರೂ ಕೈಗೆ ಬೀಳುತ್ತೆ. ಅದನ್ನು ಚೆನ್ನಾಗಿ ಮಾಡಿದರೆ ಸಾಕಿತ್ತು, ಚೀಟಿ ಯಾಕೆ ಅಂತ ನನಗೆ ಅನ್ನಿಸುತ್ತೆ. ಮಾಡುವುದಾದರೆ ಮಾಡಿ, ಬಾಗಿನ ಮಾತ್ರ ಬಿಡಬೇಡಿ.

ಮಂಡ್ಯದ ಮಗಳು:

ನಮ್ಮ ಮನೆ ಕಡೆ ಸಂಕ್ರಾಂತಿಯೇ ದೊಡ್ಡದು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆಸಿ, ಜೊತೆಗೆ ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟುಕೊಂಡು ಮನೆಮನೆಗೆ ಎಳ್ಳು ಬೀರುತ್ತೇವೆ. ಅಲ್ಲಿ ಚೀಟಿ ಬೇಡ, ಒಂದು ಮನೆಗೆ ಕೊಟ್ಟರೆ ಆ ಮನೆಯಿಂದ ಬಂದೇ ಬರುತ್ತದೆ.

ಆದರೆ ನಾನು ಹೇಳಬೇಕಾಗಿರುವುದು ಬೇರೆ. ನಮ್ಮ ತಂದೆ ತೀರಿಕೊಂಡ ಮರುವರ್ಷ ಅಮ್ಮನನ್ನು ನಾನಿರುವ ಮೈಸೂರಿಗೆ ನವರಾತ್ರಿಗೆ ಕರೆದುಕೊಂಡು ಬಂದಿದ್ದೆ. ಪಕ್ಕದ ಮನೆಯವರು ಬಂದು ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆದರು. ಅಮ್ಮ ಅಲ್ಲೇ ಕೂತಿದ್ದರು, ಅವರನ್ನು ಕರೆಯಲಿಲ್ಲ. ಬೇಕಂತ ಮಾಡಿದ್ದಲ್ಲ, ರೂಢಿ. ಅಮ್ಮ ಏನೂ ಅನ್ನಲಿಲ್ಲ, ನೀನು ಹೋಗಿ ಬಾ ಅಂದರು. ನನಗೆ ಹೋಗಲು ಕಾಲೇ ಬರಲಿಲ್ಲ.

ದಯವಿಟ್ಟು ಈ ಉಡುಗೊರೆಯನ್ನು ಅರಿಶಿನ ಕುಂಕುಮದ ಜೊತೆ ಸೇರಿಸಬೇಡಿ. ಬೇರೆ ಹೊತ್ತಿನಲ್ಲಿ ಮಾಡಿ, ಆಗ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಕುವೆಂಪುನಗರದ ಸೊಸೆ:

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. 16 ಮನೆಯಲ್ಲಿ 15 ಮನೆ ಅಂತ ನಾನೇ ಬರೆದಿದ್ದೇನೆ. ಆ ಒಂದು ಮನೆಯಲ್ಲಿ ಒಬ್ಬರೇ ಅಜ್ಜಿ ಇರುವುದು. ಕುಂಕುಮಕ್ಕೆ ಕರೆಯುವಾಗಲೇ ಚೀಟಿ ವಿಷಯವನ್ನೂ ಹೇಳಿಕೊಂಡು ಬಂದೆ, ಹಾಗಾಗಿ ಅವರ ಮನೆಗೆ ಹೋಗಲೇ ಇಲ್ಲ. ಈಗ ಹೋಗಿ ಬಂದೆ. ನಾನೂ ಸೇರುತ್ತೀನಿ, ಆದರೆ ಯಾರಿಗೆ ಬಂದರೂ ನಾನು ತರುವುದು ಮರದ್ದೇ ಗೊಂಬೆ ಅಂದರು. 300 ರೂಪಾಯಿ ಆಗುತ್ತೆ ಅಂದಿದ್ದಕ್ಕೆ ಅಷ್ಟೇನಾ ಅಂತ ಕೇಳಿದರು.

ಮೇಷ್ಟ್ರೇ, ಈಗ ಬೀದಿಯಲ್ಲಿ ಎಲ್ಲರೂ ಆಟದ ಒಳಗೇ ಇದ್ದೀವಿ. ಚೀಟಿ ಜೋಡಿಸುವುದಕ್ಕೆ ಹೊರಗಿನವರು ಯಾರೂ ಉಳಿದಿಲ್ಲ, ಏನು ಮಾಡಲಿ?

ಸರಸ್ವತಿಪುರಂ ಮೇಷ್ಟ್ರು:

ನಾನೇ ಬಂದು ಜೋಡಿಸಿಕೊಡುತ್ತೇನೆ. ಸರಸ್ವತಿಪುರಂನಿಂದ ಕುವೆಂಪುನಗರ ಏನು ಮಹಾ ದೂರ.

ಕುವೆಂಪುನಗರದ ಸೊಸೆ:

ಬನ್ನಿ ಸಾರ್. ಗಣೇಶನ ಹಬ್ಬ ಆದ ಮೊದಲ ಭಾನುವಾರ, ಸಂಜೆ ಐದಕ್ಕೆ. ವಿಳಾಸ ಮೆಸೇಜ್ ಮಾಡುತ್ತೇನೆ. ಕಾಫಿ ಅಜ್ಜಿ ಮನೆಯಲ್ಲಂತೆ.