ಒಂದು ತಿಂಗಳ ದಿನಸಿ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಮೈಸೂರು, ಮಂಡ್ಯದವರ ಅನುಭವ

ಬೋಗಾದಿಯಿಂದ ಪ್ರಶ್ನೆ

ನಮಸ್ಕಾರ. ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ನಾವಿಬ್ಬರು, ಮಗಳು, ಅತ್ತೆ. ಸುದ್ದಿ ಹಾಕಿದರೆ ಒಂದು ದಿನ ಯುದ್ಧ, ಇನ್ನೊಂದು ದಿನ ಬಂದ್, ಮತ್ತೊಂದು ದಿನ ಪ್ರವಾಹ. ಅಂಗಡಿ ಬಾಗಿಲು ಹಾಕಿದರೂ ಒಂದು ತಿಂಗಳು ತಳ್ಳುವಷ್ಟು ಸಾಮಾನು ಮನೆಯಲ್ಲಿರಲಿ ಅಂತ ಆಸೆ. ಏನು ಇಡಬೇಕು, ಎಷ್ಟು ಇಡಬೇಕು? ಹುಳು ಬೀಳದ ಹಾಗೆ ಏನು ಮಾಡುತ್ತೀರಿ? ಸ್ಟೋರ್ ರೂಮ್ ಇಲ್ಲ. ಅಡುಗೆಮನೆಯ ಅಟ್ಟ ಮತ್ತು ಒಂದು ಮಂಚದ ಕೆಳಗಿನ ಜಾಗ, ಅಷ್ಟೇ.

ಕುವೆಂಪುನಗರದಿಂದ

ಮೊದಲು ಎಷ್ಟು ಅನ್ನುವುದು ಗೊತ್ತಾಗಲಿ. ನಾಲ್ಕು ಜನಕ್ಕೆ ತಿಂಗಳಿಗೆ ಅಕ್ಕಿ, ರಾಗಿ, ಗೋಧಿ ಎಲ್ಲಾ ಸೇರಿ ಸುಮಾರು 30 ಕೆಜಿ. ಬೇಳೆ, ಕಾಳು 6ರಿಂದ 7 ಕೆಜಿ. ಎಣ್ಣೆ 3 ಲೀಟರ್. ಉಪ್ಪು, ಹುಣಸೆಹಣ್ಣು, ಬೆಲ್ಲ, ಮೆಣಸಿನಕಾಯಿ ಬೇರೆ. ಇದು ಅಂದಾಜು. ನಿಮ್ಮ ಮನೆಯ ಸರಿಯಾದ ಲೆಕ್ಕ ಬೇಕಾದರೆ ಹಿಂದಿನ ಎರಡು ತಿಂಗಳ ಅಂಗಡಿ ಚೀಟಿ ತೆಗೆದು ಕೂಡಿಸಿ. ಅದಕ್ಕಿಂತ ಒಳ್ಳೆಯ ಪಟ್ಟಿ ಯಾರೂ ಕೊಡಲಾರರು.

ನಿಜವಾಗಿ ಏನೇನು ತಾಪತ್ರಯ ಬಂತು ಅಂತ ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದರು, ಅವತ್ತೇ ಮಧ್ಯರಾತ್ರಿಯಿಂದ ಜಾರಿ. ನಮ್ಮ ಬೀದಿಯಲ್ಲಿ ಅಕ್ಕಿ, ಬೇಳೆಗೆ ಕೊರತೆ ಆಗಲಿಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು ಅಂಗಡಿ ತೆರೆಯುತ್ತಿದ್ದರು, ಆದರೆ ಆ ಗುಂಪಿನಲ್ಲಿ ಹೋಗಿ ನಿಲ್ಲುವುದೇ ಭಯವಾಗಿತ್ತು. ನನ್ನ ಬಿಪಿ ಮಾತ್ರೆಯ ಬ್ರಾಂಡ್ ಮಾತ್ರ ಸಿಗಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ಎದ್ದಾಗ ಮಂಡ್ಯ, ಮದ್ದೂರು ಕಡೆ ರಸ್ತೆ ತಡೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಬೆಲೆ ಏರಿತು, ಏಕೆಂದರೆ ನಮಗೆ ಆ ಎಣ್ಣೆ ಹೆಚ್ಚಾಗಿ ಅಲ್ಲಿಂದಲೇ ಬರುತ್ತಿತ್ತು. ಅಂದರೆ ನಮ್ಮ ಕಡೆ ಕಷ್ಟ ಬರುವುದು ಕೆಲವು ದಿನ ಹೊರಗೆ ಹೋಗಲಾಗದೆ, ಇಲ್ಲವೇ ಒಂದೊಂದು ಸಾಮಾನು ದುಬಾರಿಯಾಗಿ. ಒಂದು ತಿಂಗಳದ್ದು ಇದ್ದರೆ ಧಾರಾಳ. ವಿದೇಶಿ ವಿಡಿಯೋ ನೋಡಿ ಇಪ್ಪತ್ತೈದು ವರ್ಷ ಕೆಡದ ಡಬ್ಬಿ ಊಟ ತರಿಸಬೇಡಿ. ನಿಮ್ಮ ಅತ್ತೆ ಅದನ್ನು ತಿನ್ನುತ್ತಾರಾ? ಮಾತ್ರೆ, ಮಗಳ ಸಾಮಾನು, ಓಆರ್‌ಎಸ್ ಪೊಟ್ಟಣ ಇವುಗಳಿಗೂ ಪಟ್ಟಿಯಲ್ಲಿ ಜಾಗ ಕೊಡಿ.

ಮದ್ದೂರು ತಾಲ್ಲೂಕಿನಿಂದ

ಇಷ್ಟೆಲ್ಲಾ ಮಾತಾಡಿ ರಾಗಿ ಬಗ್ಗೆ ಒಂದೇ ಪದ ಹೇಳಿದರಲ್ಲ ಸ್ವಾಮಿ! ನಮ್ಮ ಕಡೆ ಕೂಡಿಡುವುದು ಅಂದರೆ ಮೊದಲು ರಾಗಿ, ಆಮೇಲೆ ಮಿಕ್ಕಿದ್ದು.

ರಾಗಿ ಕಾಳು ತೀರಾ ಸಣ್ಣದು, ಗಟ್ಟಿ. ಅಕ್ಕಿಗೆ ಬರುವ ನುಸಿ, ಕಾಳಿಗೆ ಬರುವ ಕುಟ್ಟೆ ಇದರ ತಂಟೆಗೆ ಹೆಚ್ಚು ಬರುವುದಿಲ್ಲ. ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಇರುತ್ತದೆ. ಹಿಂದೆ ಹಳ್ಳಿಗಳಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ತೋಡಿದ ಗುಳಿ, ಬಾಯಿ ಕಿರಿದು, ಹೊಟ್ಟೆ ಅಗಲ. ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಬರಗಾಲ ಬಂದರೆ ಅದೇ ಗತಿ. ಒಳಗೆ ಕಾಳು ಉಸಿರಾಡಿ ಗಾಳಿಯಲ್ಲಿರುವ ಆಮ್ಲಜನಕ ಮುಗಿಸುತ್ತದೆ, ಹುಳು ಬದುಕುವುದಿಲ್ಲ. ಮನುಷ್ಯನೂ ಅಷ್ಟೇ. ಹಗೇವು ತೆಗೆದ ತಕ್ಷಣ ಇಳಿದು ಸತ್ತವರಿದ್ದಾರೆ. ಅದಕ್ಕೇ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವ ಹಾಗಿಲ್ಲ. ನಿಮ್ಮ ಬೋಗಾದಿಗೆ ಹಗೇವು ಬೇಡ, ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡ್ರಮ್ ಸಾಕು. ತತ್ವ ಒಂದೇ: ಒಣಗಿರಬೇಕು, ಗಾಳಿ ಆಡಬಾರದು.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೂ ರಾಗಿಗೂ ಹಳೇ ನಂಟು. ಇಂಡಾಫ್ ಅನ್ನುವ ರಾಗಿ ತಳಿ ಕೊಟ್ಟ ಲಕ್ಷ್ಮಣಯ್ಯನವರನ್ನು ನಮ್ಮ ಕಡೆ ಇವತ್ತಿಗೂ ರಾಗಿ ಬ್ರಹ್ಮ ಅನ್ನುತ್ತಾರೆ. ಹಾಗಿರುವಾಗ ನಾವು ಓಟ್ಸ್ ಡಬ್ಬಿ ಕೂಡಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಬೇಳೆ. ತೊಗರಿಬೇಳೆಗೆ ಹರಳೆಣ್ಣೆ ಸವರಿ. ಕೆಜಿಗೆ ಒಂದು ಟೀ ಚಮಚ ಸಾಕು, ಕೈಯಲ್ಲಿ ಚೆನ್ನಾಗಿ ಉಜ್ಜಬೇಕು. ಬೇಯಿಸುವಾಗ ತೊಳೆದರೆ ಆಯಿತು. ಇಡೀ ಹೆಸರುಕಾಳು, ಅಲಸಂದೆಗೆ ಕುಟ್ಟೆ ಬೇಗ ಹಿಡಿಯುತ್ತದೆ. ಆ ಹುಳು ಸಿಪ್ಪೆಯ ಮೇಲೇ ಮೊಟ್ಟೆ ಅಂಟಿಸುತ್ತದೆ, ಎಷ್ಟೋ ಸಲ ಹೊಲದಿಂದಲೇ ಬಂದಿರುತ್ತದೆ. ಅದಕ್ಕೆ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ತಾರಸಿ ಮೇಲೆ ತೆಳುವಾಗಿ ಹರಡಿ ಒಣಗಿಸಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರು ಕಟ್ಟುತ್ತದೆ. ಅಕ್ಕಿಯನ್ನು ಮಾತ್ರ ಸುಡು ಬಿಸಿಲಿಗೆ ಹಾಕಬೇಡಿ, ಬಿರುಕು ಬಿಟ್ಟು ನುಚ್ಚಾಗುತ್ತದೆ. ನೆರಳಲ್ಲಿ ಆರಿಸಿ. ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುವುದಾದರೆ ಗರಿಗರಿ ಒಣಗಿದ್ದನ್ನೇ ಹಾಕಿ. ಹಸಿ ಸೊಪ್ಪು ಹಾಕಿ ಬೂಷ್ಟು ಬರಿಸಿಕೊಂಡವರನ್ನು ನೋಡಿದ್ದೇನೆ. ಸೊಪ್ಪು ಒಂದೇ ಕಾಪಾಡುತ್ತದೆ ಅಂತಲೂ ನಂಬಬೇಡಿ.

ಹುಣಸೆಹಣ್ಣು ಬೀಜ, ನಾರು ತೆಗೆದು, ಉಪ್ಪು ಹಾಕಿ ಜಾಡಿಗೆ ಒತ್ತಿಟ್ಟರೆ ವರ್ಷ ಕಳೆದರೂ ಇರುತ್ತದೆ. ಕಪ್ಪಾಗುತ್ತದೆ, ಕೆಡುವುದಿಲ್ಲ. ಬೆಲ್ಲಕ್ಕೆ ಮಳೆಗಾಲವೇ ಶತ್ರು, ನೀರು ಬಿಡುತ್ತದೆ. ಅದರಲ್ಲೂ ಬಣ್ಣಕ್ಕೆ ಅಂತ ಏನೂ ಹಾಕದ ಕಪ್ಪು ಬೆಲ್ಲ. ಪೇಪರ್ ಸುತ್ತಿ, ಪ್ಲಾಸ್ಟಿಕ್ ಕವರ್ ಹಾಕಿ, ಡಬ್ಬಿಗೆ ಹಾಕಿ. ಆಷಾಢಕ್ಕೆ ಮೊದಲೇ ಈ ಕೆಲಸ ಮುಗಿಸಿರಬೇಕು.

ಸಂತೇಪೇಟೆಯಿಂದ, ದಿನಸಿ ವ್ಯಾಪಾರ ಮಾಡುವವರು

ವ್ಯಾಪಾರಿ ಬಾಯಲ್ಲಿ ಕಡಿಮೆ ಕೊಳ್ಳಿ ಅಂತ ಕೇಳಿದರೆ ನಗುತ್ತೀರಿ. ಆದರೂ ಹೇಳುತ್ತೇನೆ, ಒಂದೇ ದಿನ ಎಲ್ಲಾ ಕೊಳ್ಳಬೇಡಿ. ಪ್ರತಿ ತಿಂಗಳ ಚೀಟಿಗೆ ಒಂದೆರಡು ಕೆಜಿ ಜಾಸ್ತಿ ಬರೆಯಿರಿ. ನಾಲ್ಕೈದು ತಿಂಗಳಲ್ಲಿ ಕೈಗೆ ಭಾರವಾಗದೆ ತುಂಬಿರುತ್ತದೆ. ಗಲಾಟೆ ಶುರುವಾದ ದಿನ ಓಡಿ ಬಂದರೆ ನಿಮಗೂ ರೇಟು ಜಾಸ್ತಿ, ನಿಮ್ಮ ಹಿಂದೆ ನಿಂತವರಿಗೆ ಸಾಮಾನೂ ಇರುವುದಿಲ್ಲ.

ಇನ್ನೊಂದು, ಸುಗ್ಗಿ ನೋಡಿ ಕೊಳ್ಳಿ. ರಾಗಿ, ತೊಗರಿ ಸಂಕ್ರಾಂತಿ ಆಸುಪಾಸು ಹೊಸದು ಬರುತ್ತದೆ. ಹುಣಸೆ ಮತ್ತು ಒಣಮೆಣಸಿನಕಾಯಿ ಬೇಸಿಗೆಗೆ. ಅಕ್ಕಿ ಮಾತ್ರ ಹಳೆಯದನ್ನೇ ಕೇಳಿ, ಅನ್ನ ಉದುರಾಗುತ್ತದೆ. ಕೊಳ್ಳುವಾಗ ಎರಡು ಕಾಳು ಹಲ್ಲಿಗೆ ಹಾಕಿ ಕಡಿಯಿರಿ. ಕಟ್ ಅಂತ ಮುರಿದರೆ ಒಣಗಿದೆ. ಮೆತ್ತಗೆ ಅಂಟಿದರೆ ಅದು ಕೂಡಿಡುವ ಮಾಲಲ್ಲ.

ಸರಸ್ವತಿಪುರಂನಿಂದ, ಆಹಾರ ತಂತ್ರಜ್ಞಾನದಲ್ಲಿ ಕೆಲಸ ಮಾಡಿ ನಿವೃತ್ತ

ನಮ್ಮ ಊರಿನಲ್ಲೇ 1950ರಿಂದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, 1961ರಿಂದ ಸೈನಿಕರ ಊಟದ ಮೇಲೆ ಕೆಲಸ ಮಾಡುವ ಡಿಎಫ್‌ಆರ್‌ಎಲ್ ಇದೆ. ಆಹಾರ ಕೆಡದಂತೆ ಇಡುವುದು ಮೈಸೂರಿಗೆ ಹೊಸ ವಿಷಯವೇನಲ್ಲ ಅಂತ ಹೇಳಿದೆ ಅಷ್ಟೇ.

ಹಲ್ಲಿನ ಪರೀಕ್ಷೆ ಸರಿಯಾಗಿದೆ. ಧಾನ್ಯದಲ್ಲಿ ತೇವಾಂಶ ಶೇ 12ರ ಆಸುಪಾಸು ಅಥವಾ ಕೆಳಗಿರಬೇಕು. ಒದ್ದೆ ಧಾನ್ಯವನ್ನು ಗಾಳಿಯಾಡದ ಡಬ್ಬಿಗೆ ಹಾಕಿದರೆ ಅದು ಬೂಷ್ಟಿನ ನರ್ಸರಿ. ಕಡಲೆಬೀಜ, ಮೆಕ್ಕೆಜೋಳಕ್ಕೆ ಹಸಿರು ಬೂಷ್ಟು ಬಂದರೆ ಎಸೆಯಿರಿ. ಅದರ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಹಿಟ್ಟಿನ ಮಾತು ಬೇರೆ. ಕಾಳು ಒಡೆದ ತಕ್ಷಣ ಒಳಗಿನ ಕೊಬ್ಬಿಗೆ ಗಾಳಿ ತಾಗುತ್ತದೆ, ಕೆಲವು ವಾರಕ್ಕೆ ಕಹಿ, ಕಮಟು. ರಾಗಿಹಿಟ್ಟು, ಪಾಲಿಶ್ ಇಲ್ಲದ ಕೆಂಪಕ್ಕಿ, ಹುಚ್ಚೆಳ್ಳು ಇವೆಲ್ಲಾ ಈ ಗುಂಪಿಗೆ ಸೇರುತ್ತವೆ, ತಿಂಗಳಿಗೆ ಬೇಕಾದಷ್ಟೇ ತನ್ನಿ. ಬಿಳಿ ಅಕ್ಕಿ ಬಹಳ ಕಾಲ ಇರುತ್ತದೆ. ರವೆಯನ್ನು ಹುರಿದು ಆರಿಸಿ ಇಡಿ. ಫ್ರೀಜರ್‌ನಲ್ಲಿ ಜಾಗ ಇದ್ದರೆ ಹೊಸದಾಗಿ ತಂದ ರವೆ, ಕಾಳಿನ ಪೊಟ್ಟಣವನ್ನು ನಾಲ್ಕೈದು ದಿನ ಅಲ್ಲಿಡಿ, ಹುಳದ ಮೊಟ್ಟೆ ಸಾಯುತ್ತದೆ. ಹೊರಗೆ ತೆಗೆದಾಗ ಪೊಟ್ಟಣ ತಕ್ಷಣ ಬಿಚ್ಚಬೇಡಿ, ಹೊರಗಿನ ನೀರಹನಿ ಆರಲಿ.

ಹಳೇ ಕಾಳಿಗೆ ಒಂದು ತೊಂದರೆ ಇದೆ. ಹುಳು ಬೀಳದಿದ್ದರೂ ಸೆಕೆ, ತೇವದಲ್ಲಿ ವರ್ಷಗಟ್ಟಲೆ ಇದ್ದ ಕಾಳು ಬೇಯುವುದಿಲ್ಲ. ಗ್ಯಾಸ್ ಉಳಿಸಬೇಕಾದ ದಿನವೇ ಅದಕ್ಕೆ ದುಪ್ಪಟ್ಟು ಗ್ಯಾಸ್. ಹಾಗಾಗಿ ಡಬ್ಬಿಯ ಮೇಲೆ ತಂದ ತಿಂಗಳು ಬರೆಯಿರಿ, ಹೊಸದನ್ನು ಹಿಂದಿಟ್ಟು ಹಳೆಯದನ್ನು ಮುಂದಿನಿಂದ ತೆಗೆಯಿರಿ. ಅಟ್ಟದಲ್ಲಿ ಸೆಕೆ ಜಾಸ್ತಿ. ಎಣ್ಣೆ, ಬೆಲ್ಲ, ಕಡಲೆಬೀಜ ಮಂಚದ ಕೆಳಗೆ ಹೋಗಲಿ, ಉಪ್ಪು, ಸೋಪು ಅಟ್ಟಕ್ಕೆ.

ಮತ್ತೆ, ಬೇಯಿಸಿದ ಕಾಳು, ತರಕಾರಿಯನ್ನು ಬಾಟಲಿಗೆ ತುಂಬಿ ಬರೀ ಕುದಿಯುವ ನೀರಲ್ಲಿಟ್ಟು ತಿಂಗಳುಗಟ್ಟಲೆ ಇಡುವ ವಿಡಿಯೋಗಳು ಬರುತ್ತಿವೆ. ದಯವಿಟ್ಟು ಬೇಡ. ಹುಳಿ ಇಲ್ಲದ, ಗಾಳಿ ಇಲ್ಲದ ಬಾಟಲಿಯಲ್ಲಿ ಬಾಟ್ಯುಲಿಸಂ ವಿಷ ಹುಟ್ಟಬಹುದು, ವಾಸನೆಯಿಂದ ಗೊತ್ತಾಗಬೇಕು ಅಂತೇನೂ ಇಲ್ಲ. ಹುಳಿ, ಉಪ್ಪು ಸರಿಯಾಗಿ ಬಿದ್ದ ಮಾವಿನಕಾಯಿ, ನಿಂಬೆಕಾಯಿ ಉಪ್ಪಿನಕಾಯಿ ಧೈರ್ಯವಾಗಿ ಹಾಕಿ.

ಮದ್ದೂರು ತಾಲ್ಲೂಕಿನಿಂದ ಮತ್ತೆ

ಹಿಟ್ಟು ಕಡಿಮೆ ಇಡಿ ಅಂದರು, ಒಪ್ಪಿದೆ. ಆದರೆ ಕರೆಂಟ್ ಇಲ್ಲದಿದ್ದರೆ ಮಿಲ್ ಓಡುವುದಿಲ್ಲ, ಕಾಳು ಇದ್ದೂ ಮುದ್ದೆ ಇಲ್ಲ. ಬೀಸುವ ಕಲ್ಲು ಈಗ ಯಾರ ಮನೆಯಲ್ಲಿದೆ? ಎರಡು ವಾರದ ಹಿಟ್ಟು ಯಾವಾಗಲೂ ಇರಲಿ. ಅದು ಅರ್ಧ ಆದಾಗಲೇ ಮುಂದಿನದು ಮಿಲ್ಲಿಗೆ ಹೋಗಲಿ.

ಬೋಗಾದಿಯಿಂದ

ಎಲ್ಲರಿಗೂ ವಂದನೆ. ಕರೆಂಟ್ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನಮಗೆ ಒಂದೇ ಸಿಲಿಂಡರ್, ಜೊತೆಗೆ ಇಂಡಕ್ಷನ್ ಒಲೆ. ಅದೂ ಇಲ್ಲ, ಇದೂ ಇಲ್ಲ ಅಂತಾದರೆ?

ನಂಜನಗೂಡಿನಿಂದ

ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದರೆ ಏನಾಗುತ್ತದೆ ಅಂತ ನಮಗೆ ಗೊತ್ತು. 2019ರಲ್ಲಿ ಊಟಿ ರಸ್ತೆಯ ಮೇಲೇ ನೀರು. ಅಂಥ ದಿನಕ್ಕೆ ಒಲೆ ಹಚ್ಚದೆ ಆಗುವ ತಿಂಡಿ ಬೇಕು. ನಮ್ಮಲ್ಲಿ ಅದಕ್ಕೇನು ಕೊರತೆ? ಅವಲಕ್ಕಿಯನ್ನು ರವೆಯ ಹಾಗೆ ತರಿಯಾಗಿ ಪುಡಿ ಮಾಡಿ, ಹುಣಸೆ ರಸ, ಬೆಲ್ಲ, ಸಾರಿನಪುಡಿ, ಉಪ್ಪಿನಲ್ಲಿ ನೆನೆಸಿದರೆ ಗೊಜ್ಜವಲಕ್ಕಿ. ಒಗ್ಗರಣೆ ಸಾಮಾನನ್ನು ಮೊದಲೇ ಹುರಿದು ಡಬ್ಬಿಯಲ್ಲಿಟ್ಟರೆ ಬೆಂಕಿಯೇ ಬೇಡ. ರಾಗಿ ಹುರಿಹಿಟ್ಟನ್ನು ಬೆಲ್ಲದ ನೀರಲ್ಲಿ ಅಥವಾ ಹಾಲಲ್ಲಿ ಕಲಸಿದರೆ ಊಟವೇ ಆಯಿತು, ಮಗುವಿಗೂ ಆಗುತ್ತದೆ. ಅತ್ತೆಗೆ ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬಿಟ್ಟು ಮಜ್ಜಿಗೆ, ಉಪ್ಪು ಹಾಕಿ ಕೊಡಿ. ಹುರಿಗಡಲೆ, ಕಡಲೆಬೀಜ, ಚಟ್ನಿಪುಡಿ, ಹಾಲಿನ ಪುಡಿ ಇರಲಿ. ಕಡ್ಲೆಪುರಿ ಬೇಡ, ಜಾಗ ಜಾಸ್ತಿ ತಿನ್ನುತ್ತದೆ, ಮೂರನೇ ದಿನಕ್ಕೆ ಮೆತ್ತಗಾಗುತ್ತದೆ.

ನೀರನ್ನು ಯಾರೂ ಹೇಳಲಿಲ್ಲ. ಎರಡನೇ ಮಹಡಿ ಅಂದಿರಿ, ಕರೆಂಟ್ ಇಲ್ಲದಿದ್ದರೆ ಮೋಟಾರ್ ಇಲ್ಲ, ತೊಟ್ಟಿ ಖಾಲಿ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಅಂದರೂ ನಾಲ್ಕು ಜನಕ್ಕೆ ವಾರಕ್ಕೆ 112 ಲೀಟರ್. ಅಂದರೆ 20 ಲೀಟರಿನ ಆರು ಕ್ಯಾನ್. ಅಷ್ಟು ಆಗದಿದ್ದರೆ ಮೂರಾದರೂ ಇರಲಿ. ಮುಚ್ಚಳ ಬಿಗಿ ಇರಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ.

ಕುವೆಂಪುನಗರದಿಂದ

ಸಾಧ್ಯವಾದರೆ ಎರಡನೇ ಸಿಲಿಂಡರ್ ತೆಗೆದುಕೊಳ್ಳಿ. ಒಂದು ಮುಗಿದ ದಿನವೇ ಬುಕ್ ಮಾಡಿ. ನೆಟ್ಟಗೆ ನಿಲ್ಲಿಸಿ, ಗಾಳಿಯಾಡುವ ಕಡೆ ಇಡಿ, ಮಂಚದ ಕೆಳಗಂತೂ ಬೇಡವೇ ಬೇಡ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತದೆ.

ಬೋಗಾದಿಯಿಂದ

ಕೊನೆಯದಾಗಿ ಒಂದು. ಪಕ್ಕದ ಮನೆಯವರು ಊರಿನಿಂದ ತಂದ ಗುಳಿಗೆ ಕೊಡುತ್ತೇವೆ, ಅಕ್ಕಿ ಡ್ರಮ್ಮಿಗೆ ಒಂದು ಹಾಕಿದರೆ ವರ್ಷ ಹುಳು ಬರಲ್ಲ ಅಂದರು. ಹಾಕಬಹುದಾ?

ಮದ್ದೂರು ತಾಲ್ಲೂಕಿನಿಂದ

ಮುಟ್ಟಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್ ಇರಬೇಕು. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ, ಮುಚ್ಚಿದ ಮನೆಯಲ್ಲಿ ಮಲಗಿದವರ ಜೀವ ಹೋಗುತ್ತದೆ. ಅದು ಗೋದಾಮಿಗೆ, ತರಬೇತಿ ಇದ್ದವರ ಕೈಗೆ. ಅವರ ಮನೆಯಲ್ಲೂ ಇಡಬೇಡಿ ಅಂತ ಹೇಳಿ. ಬೋರಿಕ್ ಪುಡಿಯೂ ತಿನ್ನುವ ಅಕ್ಕಿಗೆ ಬೇಡ. ನುಸಿ ಕಂಡರೆ ಮೊರದಲ್ಲಿ ಕೇರಿ, ನೆರಳಲ್ಲಿ ಹರಡಿ. ಹುಳು ತಾನೇ ಹರಿದು ಹೋಗುತ್ತದೆ. ಆಮೇಲೆ ಡ್ರಮ್ಮನ್ನು ತೊಳೆದು ಬಿಸಿಲಿಗಿಟ್ಟು, ಅಂಚಿನಲ್ಲಿ ಅಂಟಿದ ಹಳೇ ಹಿಟ್ಟು, ಧೂಳು ಒರೆಸಿ ಮತ್ತೆ ತುಂಬಿ. ಮೊದಲು ಆ ಅಕ್ಕಿಯನ್ನೇ ಖರ್ಚು ಮಾಡಿ.