ಮರಳುಗಲ್ಲಿನಲ್ಲಿ ಬೋಲ್ಟ್ ನಿಲ್ಲುತ್ತಿಲ್ಲ, ಬಿಗಿ ಮಾಡಿದಷ್ಟೂ ಹೊರಗೆ ಬರುತ್ತಿದೆ

ಬಂಡೆಹುಳ:
ಎಲ್ಲರಿಗೂ ನಮಸ್ಕಾರ. ಬಾದಾಮಿಯಿಂದ ಸ್ವಲ್ಪ ದೂರದಲ್ಲಿ ಗೆಳೆಯನ ಹೊಲದ ಅಂಚಿಗೆ 12 ಮೀಟರ್ ಎತ್ತರದ ಮರಳುಗಲ್ಲಿನ ಗೋಡೆ ಇದೆ. ಹತ್ತಿಕೊಳ್ಳಿ ಅಂತ ಮನೆಯವರೇ ಹೇಳಿದ್ದಾರೆ. ಹೋದ ವಾರ ಹಗ್ಗದ ಆಸರೆಗೆ ಅಂತ ಐದು ಎಕ್ಸ್‌ಪ್ಯಾನ್ಷನ್ ಬೋಲ್ಟ್ ಹಾಕಿದೆವು. ಸ್ಟೇನ್‌ಲೆಸ್, 10 ಮಿ.ಮೀ. ದಪ್ಪ, 80 ಮಿ.ಮೀ. ಉದ್ದ. ನಾನು ಕಲಿತಿದ್ದೆಲ್ಲ ಬೆಂಗಳೂರಿನ ಸುತ್ತಮುತ್ತಲ ಗ್ರಾನೈಟ್ ಬಂಡೆಗಳಲ್ಲಿ.

ಕೆಳಗಿನ ಎರಡು ಕೂರಲೇ ಇಲ್ಲ. ಸ್ಪ್ಯಾನರ್ ತಿರುಗಿಸಿದರೆ ನಟ್ ಬಿಗಿಯಾಗುವ ಬದಲು ಬೋಲ್ಟೇ ಮೆಲ್ಲಗೆ ಹೊರಗೆ ಬರುತ್ತೆ. ಮೂರನೆಯದು ಮೊದಲ ದಿನ ಗಟ್ಟಿ ಇತ್ತು. ಮೂರು ದಿನ ಬಿಟ್ಟು ನೋಡಿದರೆ ಹ್ಯಾಂಗರ್ (ಬೋಲ್ಟಿಗೆ ಸಿಕ್ಕಿಸಿದ ಲೋಹದ ಕಿವಿ) ಕೈಯಲ್ಲೇ ಗಿರಗಿರ ತಿರುಗುತ್ತಿದೆ. ಮೇಲಿನ ಎರಡಕ್ಕೆ ಏನೂ ಆಗಿಲ್ಲ. ಒಂದೇ ಪೆಟ್ಟಿಗೆಯ ಬೋಲ್ಟ್, ಅದೇ ಡ್ರಿಲ್ ಬಿಟ್. ಇನ್ನೊಂದು ಸುತ್ತು ಬಿಗಿ ಮಾಡಿದರೆ ಸಾಕಾ?

ಹಳೇಹಗ್ಗ:
ಬಿಗಿ ಮಾಡೋದನ್ನು ಮೊದಲು ನಿಲ್ಲಿಸಿ. ಕೆಳಗಿನ ಮೂರೂ ಹ್ಯಾಂಗರ್ ಇವತ್ತೇ ಬಿಚ್ಚಿ, ಯಾರಾದರೂ ನೋಡಿ ಹಗ್ಗ ಸಿಕ್ಕಿಸುವ ಕ್ವಿಕ್‌ಡ್ರಾ ಹಾಕಿಬಿಟ್ಟಾರು. ಆಮೇಲೆ ಇಷ್ಟು ಹೇಳಿ: ಒಂದೊಂದು ತೂತಿಗೆ ಎಷ್ಟು ಹೊತ್ತು ಹಿಡಿಯಿತು? ಪುಡಿ ಹೇಗಿತ್ತು? ಹ್ಯಾಮರ್ ಮೋಡ್‌ನಲ್ಲಿ ಕೊರೆದಿರಾ?

ಬಂಡೆಹುಳ:
ಬಿಚ್ಚಿದೆ. ಮೇಲಿನ ತೂತುಗಳಿಗೆ ಹತ್ತಿರ ಹತ್ತಿರ ಒಂದು ನಿಮಿಷ, ಪುಡಿ ಮೈದಾಹಿಟ್ಟಿನ ಹಾಗೆ. ಕೆಳಗೆ ಹತ್ತು ಸೆಕೆಂಡಿಗೆ ಬಿಟ್ ಪೂರ್ತಿ ಒಳಗೆ! ಅಲ್ಲಿ ಬಂದಿದ್ದು ಕೆಂಪು ರವೆ, ಸ್ವಲ್ಪ ತೇವ ಕೂಡ, ಬಿಟ್‌ಗೆ ಮೆತ್ತಿಕೊಂಡಿತ್ತು. ಹ್ಯಾಮರ್ ಮೋಡ್‌ನಲ್ಲೇ ಕೊರೆದೆವು. ಈಗ ಬೈಕ್ ಕೀಲಿಯಲ್ಲಿ ಗೀರಿ ನೋಡಿದೆ. ಕೆಳಗೆ ಮರಳು ಉದುರುತ್ತೆ, ಮೇಲೆ ಬರೀ ಬಿಳಿ ಗೆರೆ.

ಹಳೇಹಗ್ಗ:
ಉತ್ತರ ನಿಮ್ಮ ರವೆಯಲ್ಲೇ ಇದೆ. ಗೋಡೆ ಒಂದೇ ಆದರೂ ಕಲ್ಲು ಎರಡು. ಮರಳುಗಲ್ಲು ಪದರ ಪದರವಾಗಿ ಕೂತಿರುತ್ತೆ, ಒಂದು ಪದರದಲ್ಲಿ ಕಣಗಳು ಚೆನ್ನಾಗಿ ಬೆಸೆದಿರುತ್ತವೆ, ಪಕ್ಕದ್ದರಲ್ಲಿ ಇಲ್ಲ.

ನಿಮ್ಮ ಬೋಲ್ಟಿನ ತುದಿಯಲ್ಲಿ ಒಂದು ಕೋನ್, ಅದರ ಸುತ್ತ ತೆಳು ಕ್ಲಿಪ್ ಇದೆ ಅಲ್ವಾ? ನಟ್ ಬಿಗಿದಾಗ ಕೋನ್ ಹಿಂದಕ್ಕೆ ಬಂದು ಕ್ಲಿಪ್ಪನ್ನು ಅಗಲಿಸುತ್ತೆ, ಅದು ಕಲ್ಲನ್ನು ಒತ್ತಿ ಹಿಡಿಯುತ್ತೆ. ಒತ್ತಡವೆಲ್ಲ ಬೆರಳಗಲದ ಜಾಗದ ಮೇಲೆ. ಗ್ರಾನೈಟ್ ತಡೆದುಕೊಳ್ಳುತ್ತೆ. ಮೆದು ಕಲ್ಲು ಅಲ್ಲೇ ಪುಡಿಯಾಗಿ ಜಾಗ ಬಿಡುತ್ತೆ, ನೀವು ತಿರುಗಿಸಿದಷ್ಟೂ ಕೋನ್ ಹೊರಗೆ ಬರುತ್ತೆ. ಮೂರನೆಯದೂ ಅದೇ ಕಥೆ, ನಿಧಾನವಾಗಿ ಆಯಿತು ಅಷ್ಟೆ. ಹ್ಯಾಮರ್ ಮೋಡ್ ಬೇರೆ ತೂತನ್ನು ಅಗಲ ಮಾಡಿದೆ. ಇಂಥ ಕಲ್ಲಿಗೆ ಸುಮ್ನೆ ತಿರುಗುವ ಮೋಡ್ ಸಾಕು. ಮತ್ತೆ, ಪೆಟ್ಟಿಗೆಯ ಮೇಲಿನ ಕಿಲೋನ್ಯೂಟನ್ ಲೆಕ್ಕ (ಎಷ್ಟು ಎಳೆತ ತಡೆಯುತ್ತೆ ಅನ್ನೋದು) ನಂಬಬೇಡಿ. ಅದು ಗಟ್ಟಿ ಕಾಂಕ್ರೀಟಿನಲ್ಲಿ ಎಳೆದು ನೋಡಿದ್ದು.

ಇಲ್ಲಿಗೆ ಬೇಕಿರೋದು ಗ್ಲೂ-ಇನ್ ಬೋಲ್ಟ್, ಅಂದರೆ ತೂತಿಗೆ ಅಂಟು ತುಂಬಿ ಕೂರಿಸೋದು. 12 ಮಿ.ಮೀ. ದಪ್ಪ, ಕಡಿಮೆ ಅಂದರೂ 150 ಮಿ.ಮೀ. ಉದ್ದ, 316 ದರ್ಜೆಯ ಸ್ಟೇನ್‌ಲೆಸ್. ಗ್ಲೂ ತೂತಿನ ಉದ್ದಕ್ಕೂ ಹಿಡಿಯೋದರಿಂದ ಭಾರ ಹಂಚಿಹೋಗುತ್ತೆ, ಕಲ್ಲನ್ನು ಅಗಲಿಸುವ ಒತ್ತಡವೂ ಇಲ್ಲ. ಆದರೆ ಕೀಲಿಗೆ ಉದುರುವ ಕಲ್ಲಿಗೆ ಅದನ್ನೂ ನಾನು ಕಣ್ಣುಮುಚ್ಚಿ ಹಾಕಲಾರೆ. ಬುಡದಲ್ಲಿ ಅದೇ ಪದರದಿಂದ ಬಿದ್ದ ಬಂಡೆಗುಂಡು ಇದ್ದರೆ ಅದರಲ್ಲಿ ಮೊದಲು ಹಾಕಿ ಎಳೆದು ನೋಡಿ.

ಮಲಪ್ರಭಾ ದಂಡಿ:
ನಡುವೆ ಬಾಯಿ ಹಾಕ್ತೀನ್ರಿ. ನಮ್ಮ ಕಡೆ ಕಲ್ಲು ಅಂದರೆ ಎಲ್ಲಾ ಒಂದೇ ಅಂದ್ಕೋಬ್ಯಾಡ್ರಿ. ಬಾದಾಮಿ ಮೂರನೇ ಗುಹೆಯೊಳಗ 578ರ ಶಾಸನ ಐತಿ, ಅಕ್ಷರ ಇನ್ನೂ ಓದಾಕ ಬರ್ತಾವ. ಅದೇ ಗುಡ್ಡದ ಹೊರಮೈ ಕೆಲವು ಕಡೆ ಕೈಯಿಂದ ಉಜ್ಜಿದರ ಉದುರತೈತಿ. ನೀರು ಜಿನುಗೋ ಕಡೆ ಇನ್ನೂ ಜಾಸ್ತಿ. ಮರಳುಗಲ್ಲು ಹಸಿ ಆದರ ಶಕ್ತಿ ಕಳ್ಕೋತೈತಿ, ಮಳಿ ಆದ ಮ್ಯಾಲೆ ಒಂದೆರಡು ದಿನ ಹತ್ತಬ್ಯಾಡ್ರಿ, ಕೊರೀಲೂ ಬ್ಯಾಡ್ರಿ. ಜರ್ಮನಿಯ ಎಲ್ಬೆ ಕಣಿವೆಯ ಮರಳುಗಲ್ಲಿನಾಗೂ ಹಸಿ ಇದ್ದಾಗ ಹತ್ತಂಗಿಲ್ಲ ಅಂತ ನಿಯಮ ಐತಿ.

ಇನ್ನೊಂದು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಹೊಲ ನಿಮ್ಮ ಗೆಳೆಯಂದೇ ಆದರೂ ಹತ್ತಿರ ಹಳೇ ಗುಡಿ ಐತೇನು ನೋಡ್ರಿ.

ಬಂಡೆಹುಳ:
ಹತ್ತಿರ ಯಾವುದೂ ಇಲ್ಲ ಅಣ್ಣಾ, ವಿಚಾರಿಸಿದ್ದೇವೆ. ಹಳೇಹಗ್ಗ ಸರ್, ಬುಡದಲ್ಲಿ ಎಮ್ಮೆಯಷ್ಟು ದೊಡ್ಡ ಗುಂಡು ಇದೆ. ಗ್ಲೂ ಹಾಕುವಾಗ ಏನು ನೋಡಿಕೊಳ್ಳಬೇಕು?

ಹಳೇಹಗ್ಗ:
ಪುಡಿ. ಎಲ್ಲರೂ ಎಡವೋದು ಅಲ್ಲೇ. ಊದಿ, ಬ್ರಷ್ ಹಾಕಿ, ಮತ್ತೆ ಊದಿ. ಪುಡಿ ಬರೋದು ನಿಲ್ಲುವವರೆಗೆ ಹೀಗೇ ಮಾಡಿ. ಕನ್ನಡಕ, ಮಾಸ್ಕ್ ಮರೆಯಬೇಡಿ. ಎರಡು ಭಾಗದ ಎಪಾಕ್ಸಿ ತಗೊಳ್ಳಿ. ನಳಿಕೆಯಿಂದ ಮೊದಲು ಬರೋದು ಸರಿಯಾಗಿ ಬೆರೆತಿರಲ್ಲ, ಬಣ್ಣ ಒಂದೇ ಸಮ ಆಗುವವರೆಗೆ ರಟ್ಟಿನ ಮೇಲೆ ಹಿಂಡಿ. ನಳಿಕೆ ತೂತಿನ ತಳಕ್ಕೆ ಮುಟ್ಟಿಸಿ, ತುಂಬುತ್ತಾ ಹೊರಗೆ ಬನ್ನಿ, ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತೆ. ಬೋಲ್ಟನ್ನು ತಿರುಗಿಸುತ್ತಾ ತಳ್ಳಿ. ಬಿಸಿಲೇರಿದ ಮೇಲೆ ನಳಿಕೆಯಲ್ಲೇ ಗಟ್ಟಿಯಾಗುತ್ತೆ, ಬೆಳಗ್ಗೆ ಬೇಗ ಮುಗಿಸಿ. ರಟ್ಟಿನ ಮೇಲಿನ ತುಣುಕು ಇಟ್ಟುಕೊಳ್ಳಿ. ಅದು ಮೆತ್ತಗೆ ಉಳಿದರೆ ಒಳಗಿನದೂ ಮೆತ್ತಗೇ.

ಬಂಡೆಹುಳ:
ಹತ್ತು ದಿನ ಆಯ್ತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಗುಂಡಿಗೆ ಎರಡು ಗ್ಲೂ-ಇನ್ ಹಾಕಿ, ಎರಡು ದಿನ ಬಿಟ್ಟು ಗೆಳೆಯನ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದೆವು. ಎಲ್ಲರೂ ದೂರ ನಿಂತಿದ್ದೆವು. ಮೊದಲನೆಯದು ಸಲೀಸಾಗಿ ಬಂತು. ಗ್ಲೂ ಕಡ್ಡಿಯ ಹಾಗೆ ಇಡಿಯಾಗಿ, ಮೈತುಂಬ ಕೆಂಪು ಪುಡಿ, ರವೆಯಲ್ಲಿ ಹೊರಳಾಡಿಸಿದ ಬಜ್ಜಿ ಥರ. ಅದನ್ನು ನಾನು ಒಂದೇ ಸಲ ಊದಿದ್ದೆ, ಒಪ್ಪಿಕೊಳ್ಳುತ್ತೇನೆ. ಎರಡನೆಯದನ್ನು ನೀವು ಹೇಳಿದ ಹಾಗೆ ಬ್ರಷ್ ಹಾಕಿ ಮಾಡಿದ್ದು. ಅದು ಬರಲಿಲ್ಲ, ಗುಂಡೇ ಒಂದು ಗೇಣು ಜರುಗಿತು. ಗೆಳೆಯನ ಅಪ್ಪ ಬಂದು ಇದೇನು ಕೆಲಸ ಅಂತ ಬೈದು ಟ್ರ್ಯಾಕ್ಟರ್ ತಗೊಂಡು ಹೋದರು.

ಹಾಗಿದ್ದೂ ಕೆಳಗಿನ ಪದರಕ್ಕೆ ಬೋಲ್ಟ್ ಹಾಕಲ್ಲ ಅಂತ ತೀರ್ಮಾನಿಸಿದೆವು. ಅಲ್ಲಿ ತೇವ ಯಾವಾಗಲೂ ಇರುತ್ತೆ. ನೆತ್ತಿಯ ಗಟ್ಟಿ ಕಲ್ಲಿಗೆ ಎರಡು ಗ್ಲೂ-ಇನ್ ಹಾಕಿ ಟಾಪ್ ರೋಪ್ ಮಾತ್ರ, ಅಂದರೆ ಹಗ್ಗ ಮೇಲಿನಿಂದಲೇ ಇಳಿಬಿಟ್ಟು ಹತ್ತೋದು.

ಹಳೇಹಗ್ಗ:
ನಾನಾದರೂ ಅದನ್ನೇ ಮಾಡುತ್ತಿದ್ದೆ. ಹಗ್ಗ ಅಂಚಿಗೆ ಉಜ್ಜದ ಹಾಗೆ ನೋಡಿಕೊಳ್ಳಿ, ಹಗ್ಗವೂ ಸವೆಯುತ್ತೆ, ಕಲ್ಲಿನಲ್ಲೂ ಗೀರು ಬೀಳುತ್ತೆ. ಹಳೇ ತೂತುಗಳನ್ನು ಏನು ಮಾಡಿದಿರಿ?

ಬಂಡೆಹುಳ:
ಎರಡು ಬೋಲ್ಟ್ ಕೈಯಲ್ಲೇ ಬಂದವು. ಮೂರನೆಯದನ್ನು ಒಳಗೆ ಬಡಿದು, ಮೂರೂ ತೂತುಗಳಿಗೆ ಅದೇ ಕೆಂಪು ಪುಡಿ ಬೆರೆಸಿದ ಎಪಾಕ್ಸಿ ಮೆತ್ತಿದೆವು. ಹತ್ತು ಹೆಜ್ಜೆ ದೂರದಿಂದ ಕಾಣಲ್ಲ. ಗೆಳೆಯನ ಅಪ್ಪನಿಗೆ ಮಾತ್ರ ಕಂಡಿತು.