‘ಮೆಶ್ ಸೆನ್ಸಿಟಿವಿಟಿ’ಗೆ ‘ಜಾಲರಿ ಸೂಕ್ಷ್ಮತೆ’ ಸರಿಯೇ?

ಬಲ್ಲವರಲ್ಲಿ ಒಂದು ಕೇಳಿಕೆ.

ಬೆಳಗಾವಿಯಲ್ಲಿ ಸಿವಿಲ್ ಡಿಪ್ಲೊಮಾ ಮಕ್ಕಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಕಾಂಕ್ರೀಟ್ ತೊಲೆ ಬಿರಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ತೊಲೆಯನ್ನು ಸಣ್ಣ ತುಣುಕುಗಳಾಗಿ ಒಡೆಯುತ್ತಾರಲ್ಲ, ಅದು ಮೆಶ್. ತುಣುಕಿನ ಗಾತ್ರ ಬದಲಿಸಿದರೆ ಉತ್ತರವೂ ಬದಲಾಗುವುದು ಮೆಶ್ ಸೆನ್ಸಿಟಿವಿಟಿ. ನಿಘಂಟು ನೋಡಿ ‘ಜಾಲರಿ ಸೂಕ್ಷ್ಮತೆ’ ಎಂದು ಬರೆದೆ. ಎರಡೂ ಪದಗಳು ಕೈಕೊಟ್ಟವು.

‘ಜಾಲರಿ ದಟ್ಟವಾದಷ್ಟೂ ತೊಲೆ ಬೇಗ ಮುರಿದಂತೆ ತೋರುತ್ತದೆ’ ಎಂದು ಓದುತ್ತಿದ್ದಾಗ ಹಿಂದಿನ ಬೆಂಚಿನಿಂದ ಗೌಂಡಿಯೊಬ್ಬರ ಮಗ ಎದ್ದು ನಿಂತ: ‘ಸರ್, ಕಬ್ಬಿಣ ಹೆಚ್ಚು ಕಟ್ಟಿದರೆ ಗಟ್ಟಿಯಾಗಬೇಕಲ್ಲವೇ?’ ತಪ್ಪು ಅವನದಲ್ಲ. ಕಾಂಕ್ರೀಟಿನ ಮಾತಿನ ನಡುವೆ ಜಾಳಿ, ಜಾಲರಿ ಎಂದರೆ ಅವನ ಕಣ್ಣಿಗೆ ಬರುವುದು ಸರಳುಗಳೇ. ‘ಚೌಕಳಿ’ ಎನ್ನೋಣವೆಂದರೆ ಇಳಕಲ್ ಸೀರೆಗೆ ಒಪ್ಪುವ ಆ ಚೆಂದದ ಪದ ತ್ರಿಕೋನದ ತುಣುಕುಗಳಿಗೆ ಒಪ್ಪುವುದಿಲ್ಲ.

‘ಸೂಕ್ಷ್ಮತೆ’ ಇನ್ನೂ ಕೆಟ್ಟದ್ದು. ಸಣ್ಣ ತುಣುಕುಗಳ ಮೆಶ್ ತಾನೇ ‘ಸೂಕ್ಷ್ಮ ಜಾಲರಿ’. ಹಾಗಾಗಿ ‘ಜಾಲರಿ ಸೂಕ್ಷ್ಮತೆ’ ಎಂದರೆ ಅದರ ನಯವೆಂದೇ ಓದುಗ ತಿಳಿಯುತ್ತಾನೆ. ‘ಸಂವೇದನೆ’ಯನ್ನು ಕವಿಗಳಿಗೇ ಬಿಡೋಣ. ಅಲ್ಲದೆ ತಕ್ಕಡಿ ಸೂಕ್ಷ್ಮವಾಗಿದ್ದರೆ ಅದು ಗುಣ, ಇಲ್ಲಿರುವುದು ದೋಷ. ಸರಳ ಮಾದರಿಯಲ್ಲಿ ಬಿರುಕು ಒಂದೇ ಸಾಲಿನ ತುಣುಕುಗಳಲ್ಲಿ ಸೇರಿಕೊಳ್ಳುತ್ತದೆ. ತುಣುಕನ್ನು 20 ಮಿ.ಮೀ.ನಿಂದ 10ಕ್ಕೆ ಇಳಿಸಿದರೆ ಬಿರಿಯಲು ತಗಲುವ ಶಕ್ತಿ ಲೆಕ್ಕದಲ್ಲಿ ಅರ್ಧವಾಗುತ್ತದೆ, 5ಕ್ಕೆ ಇಳಿಸಿದರೆ ಕಾಲು ಭಾಗ. ಹೀಗೇ ಇಳಿಸುತ್ತ ಹೋದರೆ ಬಿಟ್ಟಿಯಾಗಿ ಮುರಿಯುವ ತೊಲೆ ಸಿಗುತ್ತದೆ! 1983ರಲ್ಲಿ ಬಜಾಂಟ್ ಮತ್ತು ಓ ಎಂಬ ಇಬ್ಬರು ಸಂಶೋಧಕರು ಕೊಟ್ಟ ಪರಿಹಾರದಲ್ಲಿ ಆ ಶಕ್ತಿ ಕಾಂಕ್ರೀಟಿನ ಗುಣವಾಗಿ ಸ್ಥಿರ. ತುಣುಕಿನ ಅಗಲಕ್ಕೆ ತಕ್ಕಂತೆ ಬದಲಾಗುವುದು ಬಿರಿದ ಮೇಲೆ ಬಲ ಕುಸಿಯುವ ರೇಖೆ.

ಆದ್ದರಿಂದ ನನಗೆ ಹೊಳೆದದ್ದು ‘ತುಣುಕಿನ ಹಂಗು’. ಉತ್ತರವು ತೊಲೆಯ ಮಾತು ಕೇಳದೆ ನಾವು ಒಡೆದ ತುಣುಕಿನ ಹಂಗಿನಲ್ಲಿ ಬಿದ್ದಿದೆ ಎಂಬ ಚುಚ್ಚು ಅದರಲ್ಲಿದೆ. ದೋಷ ಕಳೆದ ಮಾದರಿಗೆ ‘ತುಣುಕಿನ ಹಂಗಿಲ್ಲದ’ ಎಂಬ ವಿಶೇಷಣವೂ ಪುಕ್ಕಟೆ ಸಿಗುತ್ತದೆ. ‘ಹಂಗು ಮನುಷ್ಯರ ನಡುವಿನದು, ಪ್ರಶ್ನೆಪತ್ರಿಕೆಗೆ ಅವಲಂಬನೆಯೇ ಸರಿ’ ಎನ್ನುತ್ತಾರೆ ಸಹೋದ್ಯೋಗಿಯೊಬ್ಬರು. ‘ಅವಲಂಬನೆ’ ತಪ್ಪಲ್ಲ, ಸಪ್ಪೆ.

ಹಂಗನ್ನು ವಸ್ತುಗಳ ನಡುವೆ ಬಳಸಿದ್ದನ್ನು ಕಂಡವರಿದ್ದೀರಾ? ಸರಳಿನ ನೆನಪು ತಾರದ ಪದ ಮೆಶ್‌ಗೆ ಯಾವುದಾದರೂ ಇದೆಯೇ?